ಎಡಮುರಿ ಸುಳಿ

ಆಲೂರಿನ ರೈಲ್ವೆ ಗೇಟಿನ ಪಕ್ಕ ನನ್ನ ಅಂಗಡಿ.
ಮೂವತ್ತೆಂಟು ವರ್ಷ ನೆತ್ತಿಗಳನ್ನೇ ನೋಡಿದವನು;
ಮುಖ ಮರೆಯುತ್ತೆ, ಸುಳಿ ಮರೆಯಲ್ಲ.

ಹೆಚ್ಚಿನವು ಬಲಕ್ಕೆ ತಿರುಗುತ್ತವೆ,
ಗುಡಿಗೆ ಸುತ್ತು ಬರುವವರ ಹಾಗೆ.
ಎಡಕ್ಕೆ ತಿರುಗಿದ್ದಕ್ಕೆ ಕತ್ತರಿ ಬೇರೆ ದಾರಿ ಹಿಡಿಯಬೇಕು,
ಇಲ್ಲವಾದರೆ ಮೂರೇ ದಿನಕ್ಕೆ ಕೂದಲೆದ್ದು ನಿಂತು
ನನ್ನ ಹೆಸರು ಕೆಡಿಸುತ್ತೆ.
ಅದಕ್ಕೇ ಬರೆದಿಡತೊಡಗಿದೆ,
ಹಾಲಿನ ಡೈರಿಯ ಹಳೇ ಪುಸ್ತಕದಲ್ಲಿ:
ಊರಿನ ಹೆಸರು, ಎದುರಿಗೆ ಗೀಟು.

ಹೊಳೆದಂಡೆಯ ಊರುಗಳಲ್ಲಿ ಹತ್ತು ತಲೆಗೆ ನಾಲ್ಕು ಎಡಮುರಿ.
ಮಗ್ಗೆಯ ಕಡೆ ಮೂರು.
ಪಾಳ್ಯದಲ್ಲಿ ಎರಡು, ಅದೂ ಹೊಳೆಕಡೆಯ ಹೆಣ್ಣು ತಂದ ಮನೆಗಳಲ್ಲಿ.
ಇಲ್ಲಿಗೆ ಮುಗಿಯಿತೆಂದು ಯಾರೂ ಕಲ್ಲು ನೆಟ್ಟಿಲ್ಲ;
ಒದ್ದೆ ಪಂಚೆಯ ಮೇಲೆ ಬಿದ್ದ ನೀಲಿ ಹನಿ,
ಅಂಚಿಗೆ ಹೋದಷ್ಟೂ ತೆಳು.

ದೂರ ಅಂದರೆ ಮೈಲಿಯಲ್ಲ.
ಬೆಳಿಗ್ಗೆ ಹೊರಟು, ಹೆಣ್ಣು ನೋಡಿ, ಉಪ್ಪಿಟ್ಟು ತಿಂದು
ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಷ್ಟು.
ಒಂದು ತಲೆಮಾರಿಗೆ ಸುಳಿ ನಡೆಯುವುದು ಅಷ್ಟೇ.
ಬಸ್ಸು ಬಂದಮೇಲೆ ಕೊಂಚ ಮುಂದೆ.

ನಡುವೆ ಕೇರಿ ಬಂದರೆ ಮಾತ್ರ
ಇಪ್ಪತ್ತು ಹೆಜ್ಜೆಯೂ ನೂರು ಮೈಲಿ.
ಒಂದೇ ಊರಿಗೆ ನನ್ನಲ್ಲಿ ಎರಡು ಪುಟ.
ಅಪ್ಪ ಆ ಕೇರಿಯ ತಲೆ ಮುಟ್ಟುತ್ತಿರಲಿಲ್ಲ.
ನಾನು ಮುಟ್ಟಿದ ಮೇಲೆ ತಾನೇ ಪುಟ ತೆರೆದದ್ದು!
ಎರಡಕ್ಕೂ ಸೇರಬೇಕಾದ ತಲೆಗಳೂ ಒಂದೆರಡು ಬಂದವು.
ಕತ್ತರಿ ಆಡಿಸಿದೆ,
ಬಾಯಾಡಿಸಲಿಲ್ಲ.

ಹೋದ ವರ್ಷ ಬಾಣಾವರದಾಚೆ, ತಂಗಿಮಗಳ ಊರಲ್ಲಿ
ಒಂದು ಕೂಸಿನ ಮೊದಲ ಕೂದಲು ತೆಗೆಯಬೇಕಾಯಿತು.
ತೆಂಗು, ಕೊಬ್ಬರಿ, ಧೂಳು. ಹೊಳೆಯ ಸುದ್ದಿಯೇ ಇಲ್ಲ.
ಕೂಸಿನ ತಲೆ ಬಗ್ಗಿಸಿದೆ: ಎಡಮುರಿ.
ಅದರ ಅಣ್ಣ? ಎಡಮುರಿ.
ಪಕ್ಕದ ಮನೆಯವನು, ಅವನಪ್ಪ, ಬೀಡಿ ಸೇದುತ್ತ ಕೂತ ಚಿಕ್ಕಪ್ಪ...
ಆ ಹನ್ನೊಂದು ಮನೆಯ ಬೀದಿಯಲ್ಲಿ ಹತ್ತಕ್ಕೆ ಏಳು!
ಹೊಳೆದಂಡೆಯಲ್ಲೂ ಇಷ್ಟಿಲ್ಲ.
ನನ್ನ ಲೆಕ್ಕವೇ ತಪ್ಪಿರಬೇಕೆಂದು ಬೆವತೆ.

‘ಯಾವ ಕಡೆಯವರು ತಾಯಿ?’
ಪುಟ್ಟನಿಂಗಮ್ಮ ಎಲೆಗೆ ಸುಣ್ಣ ಸವರುತ್ತ ಅಂದಳು:
‘ಹೊಳೆಕೊಪ್ಪಲು. ಈಗಿಲ್ಲ ಬುಡು, ಡ್ಯಾಮಿನ ನೀರಡಿ ಅದೆ.
ಮೂರೇ ಮನೆಯೋರು, ಒಂದೇ ಲಾರೀಲಿ ಬಂದ್ವು.
ನಮ್ಮ ನಮ್ಮಲ್ಲೇ ಕೊಟ್ಟು ತಂದ್ಕಂಡ್ವು.
ಇನ್ಯಾರು ಕೊಡ್ತಾರೆ ಹೊಸಬರಿಗೆ?’

ಲಾರಿ ಹತ್ತಿದ ಮೂರು ಮನೆಯಲ್ಲಿ
ಎಡಮುರಿ ಎಷ್ಟಿದ್ದವೋ, ಅದೇ ಇವತ್ತಿನ ಬೀದಿ.
ಹಿಂದುಳಿದವರ ತಲೆ ಯಾರು ಎಣಿಸಿದರು?

ಕೂಸು ಅಳು ನಿಲ್ಲಿಸಿ ನನ್ನ ಬೋಳುತಲೆಗೆ ಕೈ ಹಾಕಿತು.
ಅಲ್ಲಿ ಕೂದಲು ಹೋಗಿ ಇಪ್ಪತ್ತು ವರ್ಷ.
ಯಾವ ಕಡೆಗೆ ತಿರುಗಿತ್ತೋ,
ಅಪ್ಪನಿಗೆ ಗೊತ್ತಿತ್ತು.
ಕೇಳಲಿಲ್ಲ.