ಇದು ಜೇನಲ್ಲ

ತಿತಿಮತಿ ಆಸ್ಪತ್ರೆಯ ವರಾಂಡದಲ್ಲಿ
ಬೊಳ್ಳಿ ಒದ್ದೆ ಬಟ್ಟೆಯನ್ನು ನನ್ನ ಮೂಗಿಗೆ ಹಿಡಿದಳು:
"ಮೂಸು ಸಿಸ್ಟರೇ. ಜೇನಿನ ವಾಸನೆ. ಆದ್ರೆ ಜೇನಲ್ಲ."

ತುಡುವೆ, ಹೆಜ್ಜೇನು, ಕೋಲುಜೇನು
ಕಣ್ಣುಮುಚ್ಚಿ ಬೇರೆ ಮಾಡುವ ಮೂಗು ಅದು.
ಕಾಫಿ ಹೂ ಬಿಟ್ಟ ವಾರ, ಊರೆಲ್ಲ ಸಿಹಿಯೇ,
ಎಂದು ನಕ್ಕೆ. ಬರೆದುಕೊಳ್ಳಲಿಲ್ಲ.

ಮಗುವಿಗೆ ಆರು ದಿನ. ಮೊಲೆ ಬಿಟ್ಟಿದೆ,
ಅಳು ಅರ್ಧಕ್ಕೇ ನಿಲ್ಲುತ್ತದೆ.
ಹಿಮ್ಮಡಿ ಚುಚ್ಚಿ, ಕಾಗದದ ಮೇಲಿನ
ಐದು ಬಳೆಗಳೊಳಗೆ ಐದು ಹನಿ ಇಳಿಸಿದೆ.
ಫ್ಯಾನು ಹಾಕಲಿಲ್ಲ, ತಾನೇ ಒಣಗಬೇಕು.
ಸಂಜೆಯ ಬಸ್ಸಿನಲ್ಲಿ, ಡ್ರೈವರನ ಸೀಟಿನ ಹಿಂದೆ,
ಕಾರ್ಡು ಮೈಸೂರಿಗೆ ಹೋಯಿತು.

ಮರುದಿನ ರಾತ್ರಿ ಫೋನು:
ಲ್ಯೂಸಿನ್ ಹತ್ತು ಪಟ್ಟು. ವ್ಯಾಲಿನ್ ಕೂಡ ಏರಿದೆ.
ಸಾಲಿನಲ್ಲಿ ಮಿಕ್ಕವೆಲ್ಲ ಗಿಡ್ಡ,
ಇವೆರಡು ಮಾತ್ರ ಕಾಫಿಗಿಡದ ಮೇಲೆ
ಸಿಲ್ವರ್ ಓಕಿನ ಹಾಗೆ ತಲೆ ಎತ್ತಿವೆಯಂತೆ.
ಮೈ ಒಡೆಯಲಾರದ್ದು ರಕ್ತದಲ್ಲಿ ರಾಶಿಬಿದ್ದು
ಉಚ್ಚೆಯಲ್ಲಿ ಸಿಹಿಯಾಗಿ ಹೊರಟಿದೆ.

"ತಾಯಿಹಾಲು ನಿಲ್ಲಿಸಿ, ಈಗಲೇ ಕಳಿಸಿ."
ಹೇಳಬೇಕಾದವಳು ನಾನು.
ಮುತ್ತಿ ರವಿಕೆ ನೆನೆದು ಕೂತಿದ್ದಾಳೆ.
ಆಂಬುಲೆನ್ಸಿನವನು ಕೈ ತೊಳೆಯುತ್ತಿದ್ದಾನೆ.

ಬೊಳ್ಳಿ ಕೇಳಿದಳು:
"ಆ ಮಿಷನ್ನು ಮೂಸಿ ನೋಡ್ತದಾ?"
ಇಲ್ಲ ಅಜ್ಜಿ, ಒಂದೊಂದನ್ನೇ ತೂಗುತ್ತದೆ.
"ತೂಗೋಕೆ ಹೊತ್ತು ಬೇಕಲ್ಲ," ಅಂದಳು,
ಬೈಗುಳವಲ್ಲ, ಲೆಕ್ಕ.
ಬಟ್ಟೆಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿದಳು,
ಅಲ್ಲಿ ಯಾರಾದರೂ ಮೂಸಿಯಾರೆಂದು.