ಕಂಬದ ಎತ್ತರ

ದನದ ಡಾಕ್ಟರನ ಹಳೇ ಬಿಳಿಕೋಟು ಇದು, ನನಗೆ ಕೊಂಚ ದೊಡ್ಡದು.
ಇದನ್ನು ತೊಟ್ಟು, ಬಾವುಟ ಎರಡನ್ನೂ ಕಾಲಬುಡದಲ್ಲಿಟ್ಟು
ಮೂವತ್ತನಾಲ್ಕು ವರ್ಷ ನಿಂತಿದ್ದೇನೆ ಎಡಗಂಬದ ಪಕ್ಕ.
ಬಲೆಗೆ ಬಿದ್ದರೆ ಹಸಿರು, ಮೂರು ಅಂಕ.
ಅಡ್ಡಪಟ್ಟಿಯ ಮೇಲೆ, ಕಂಬಗಳ ನಡುವೆ ಹಾರಿದರೆ ಬಿಳಿ, ಒಂದು.
ಹೊರಗೆ ಹೋದರೆ ಬರಿಗೈ ಬೀಸಬೇಕು.
ಸಂಬಳವಿಲ್ಲ. ಆಡುವವರಿಗೂ ಇಲ್ಲ.
ಪಂದ್ಯ ಮುಗಿದ ಮೇಲೆ ಚಹಾ, ಹ್ಯಾಮ್ ಇಟ್ಟ ಬ್ರೆಡ್ಡು, ಬೈಗುಳ.

ಫೀಲಿಮ್ ಗಿಲ್‌ರೇನ್ ಡ್ರಮ್‌ಕೀವಾದವನು,
ನಾನು ಪಕ್ಕದ ಕಿಲ್‌ನಾರದವನು; ಎಂದರೆ ಹುಟ್ಟುಹಗೆ.
ವಾರವೆಲ್ಲ ಲೀಟ್ರಿಮ್‌ನ ಜೌಗಿನಲ್ಲಿ ಕರೆಂಟು ಕಂಬ ನೆಟ್ಟು
ಭಾನುವಾರ ಲೇಸಿಗೆ ಉಗುಳು ಹಚ್ಚಿ ಬಿಗಿದು
ಚೆಂಡು ಹಿಡಿದನೆಂದರೆ
ನಾಲ್ಕು ಹೆಜ್ಜೆ, ನೆಲಕ್ಕೊಂದು ಪುಟಿತ,
ನಾಲ್ಕು ಹೆಜ್ಜೆ, ಕಾಲ್ಬೆರಳಿಂದ ಕೈಗೆ,
ಸಾಕಿದ ನಾಯಿಯ ಹಾಗೆ ಅದು ಅವನ ಮೊಣಕಾಲು ಬಿಟ್ಟು ಕದಲುತ್ತಿರಲಿಲ್ಲ.
ಹದಿನೇಳಕ್ಕೆ ಊರ ತಂಡ, ಇಪ್ಪತ್ತಕ್ಕೆ ಕೌಂಟಿ,
ಮದುವೆಯ ಫೋಟೋದಲ್ಲಿ ಒಂದು ಕಣ್ಣು ಊದಿದೆ;
ಹೆಂಡತಿ ಗೋಬ್ನೆಟ್ ಅದನ್ನೇ ಚೌಕಟ್ಟು ಹಾಕಿಸಿದಳು.

ಕೌಂಟಿ ಫೈನಲ್ಲಿಗೆ ನನ್ನ ಭಾವ ರೆಫರಿ,
ಅವನ ಕಾರಿನಲ್ಲಿ ಬಂದ ನಾಲ್ವರಲ್ಲಿ ನಾನೊಬ್ಬ.
ಡ್ರಮ್‌ಕೀವಾ ಒಂದಂಕ ಹಿಂದೆ. ಕಡೆಯ ಒದೆತ.
ಫೀಲಿಮ್ ಹುಲ್ಲು ಕಿತ್ತು ಗಾಳಿಗೆ ತೂರಿ ನೋಡಿದ.
ಚೆಂಡು ಏರಿತು, ಕಂಬದ ತುದಿಯನ್ನೂ ಮೀರಿ ಏರಿತು.
ಕಂಬವೇ ಮುಗಿದುಹೋದ ಮೇಲೆ
ಒಳಗು ಯಾವುದು, ಹೊರಗು ಯಾವುದು?
ತಲೆಯೆತ್ತಿದೆ. ನೆಪ ಹೇಳುವುದಕ್ಕೆ ಸೂರ್ಯನೂ ಇರಲಿಲ್ಲ.
ತೋಳು ಮೊದಲು ಬೀಸಿತು, ಮನಸ್ಸು ಆಮೇಲೆ ಬಂತು.

ಅವರೂರಿನ ಹೆಂಗಸೊಬ್ಬಳು ಕೊಡೆಯಿಂದ ಹೊಡೆದಳು.
ಅವನು ಬರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು
ನನ್ನನ್ನಲ್ಲ, ಕಂಬದ ಮೇಲಿನ ಖಾಲಿ ಜಾಗವನ್ನು ನೋಡುತ್ತ ನಿಂತಿದ್ದ.
ಮರುವರ್ಷ ಮಂಡಿ ಹೋಯಿತು.
ಹೊಟ್ಟೆಗೆ ಹಾಕಿಕೊಂಡನೋ, ಎದೆಯಲ್ಲೇ ಇಟ್ಟುಕೊಂಡನೋ,
ನಾನು ಕೇಳಲಿಲ್ಲ.

ದೊಡ್ಡವರ ತಂಡಕ್ಕೆ ಎರಡು ವರ್ಷ ಕೋಚ್ ಆದ, ಕೆಟ್ಟ ಕೋಚ್:
ನನ್ನ ಹಾಗೆ ಮಾಡಿ ಅನ್ನುತ್ತಿದ್ದ,
ಹೇಗೆ ಮಾಡುತ್ತಿದ್ದೆನೆಂದು ಅವನಿಗೇ ತಿಳಿಯದು.
ಅಲ್ಲಿಂದ ಬಿಡಿಸಿ ಮಕ್ಕಳಿಗೆ ಹಾಕಿದರು.
ಮಕ್ಕಳ ಲೇಸು ಕಟ್ಟುತ್ತ ಕಟ್ಟುತ್ತ ಕಲಿತ.

ಅಷ್ಟರಲ್ಲಿ ನಮ್ಮ ಶಾಲೆ ಮುಚ್ಚಿತು.
ನಮ್ಮಲ್ಲಿ ಏಳು ಮಕ್ಕಳು, ಅವರಲ್ಲಿ ಒಂಬತ್ತು.
ಪಾದ್ರಿಗಳಿಂದಾಗದ್ದು ಲೆಕ್ಕದಿಂದಾಯಿತು: ಎರಡೂರು, ಒಂದೇ ತಂಡ,
ಅಂಗಿ ಅರ್ಧ ನಮ್ಮ ಕೆಂಪು, ಅರ್ಧ ಅವರ ನೀಲಿ.
ನನ್ನ ಮೊಮ್ಮಗಳು ಸೋರ್ಚಾ ಒದ್ದದ್ದು ಆಚೆ ಹೋಯಿತೆಂದು ಬೀಸಿದೆ.
‘ಒಳಗಿತ್ತು ತಾತಾ!’ ಅಂತ ಕಾಲು ಕುಟ್ಟಿ ಅತ್ತಳು.
‘ಬೀಸಿದ ಮೇಲೆ ಹೊರಗೇ ಕಣಮ್ಮ’ ಎಂದ ಫೀಲಿಮ್,
‘ಓಡು, ನಿನ್ನ ಜಾಗಕ್ಕೆ.’
ನನ್ನ ಕಡೆ ತಿರುಗಲಿಲ್ಲ.

ಚಳಿಗಾಲದಲ್ಲಿ ಅವನೇ ಹೊಸ ಕಂಬ ನೆಡಿಸಿದ,
ಹಳೆಯವಕ್ಕಿಂತ ಹತ್ತಡಿ ಉದ್ದ.
ಮಕ್ಕಳ ಒದೆತ ಅಡ್ಡಪಟ್ಟಿ ದಾಟಿದರೆ ಪುಣ್ಯ,
ಇಷ್ಟೆತ್ತರ ಯಾರಿಗಯ್ಯಾ, ಎಂದರು ಕಮಿಟಿಯವರು.
ಬಣ್ಣದ ಡಬ್ಬ ನನ್ನ ಕೈಗಿಟ್ಟ.

ಎಪ್ಪತ್ತರ ಮಂಡಿಯಲ್ಲಿ ಏಣಿ ಹತ್ತಿದೆ.
ತುದಿಯಲ್ಲಿ ಗಾಳಿ ಬೇರೆಯೇ ಇತ್ತು.
ಕೆಳಗೆ ಏಣಿ ಹಿಡಿದು ನಿಂತವನು ಅವನು, ಒಬ್ಬನೇ.
‘ಅಲ್ಲಿಂದ ಏನು ಕಾಣುತ್ತೆ?’ ಎಂದ.
ಬ್ರಶ್ಶು ಅದ್ದಿದೆ. ಇನ್ನೊಮ್ಮೆ ಅದ್ದಿದೆ.
‘ಮಳೆ ಬರೋ ಹಾಗಿದೆ’ ಎಂದೆ.
‘ಅದು ಇಲ್ಲಿಂದಲೂ ಕಾಣುತ್ತೆ’ ಎಂದ.