ನಿಶಾನೆ

ಶುವೈಖ್ ಬಂದರಿಗೆ ಬೆನ್ನು ಹಾಕಿದ ಆಸ್ಪತ್ರೆ.
ನಸುಕಿನ ಮೂರು ಗಂಟೆ. ದುಭಾಷಿ ಇನ್ನೂ ಬಂದಿಲ್ಲ.
ಲಂಗರಿನ ಹಗ್ಗಕ್ಕೆ ಸಿಕ್ಕಿ ಕಾಲು ನಜ್ಜುಗುಜ್ಜಾದ
ಕಂಗಾನಿನ ಮುದುಕ, ನಾಖುದಾ ಅಬ್ದುರ್ರೇಜಾ,
ಚಾವಣಿಯ ದೀಪ ಎಣಿಸುತ್ತಾನೆ,
ಕಡಲಿನವರು ಚುಕ್ಕಿ ಎಣಿಸುವಂತಲ್ಲ,
ಸಾಲಗಾರ ಕಂತು ಎಣಿಸುವಂತೆ.

ನರ್ಸು ಚಿರೆಬೋನಿನವಳು, ವಾಹ್ಯುನಿಂಗ್ಸಿಹ್.
ನನ್ನ ನಾಲಿಗೆಗೆ ನಿಂಗವ್ವ. ಅವಳೂ ಒಪ್ಪಿಕೊಂಡಿದ್ದಾಳೆ.
ನಾನು ಸ್ಟ್ರೆಚರು ತಳ್ಳುವವನು, ಹುಮನಾಬಾದಿನವನು.

ಸೂಜಿ ಎತ್ತಿ ಅವಳೆಂದಳು, "ಬಿಯೂಸ್."
ಮುದುಕ ಕತ್ತೆತ್ತಿದ, "ಬೀಹೂಶ್?"
"ಬೇಹೋಶ್!" ಕೂಗಿದ್ದು ನಾನು,
ಉರ್ದು ಮೇಷ್ಟ್ರ ಮುಂದೆ ಒಮ್ಮೆಯೂ ಕೈ ಎತ್ತದವನು.
ನಡುವಿನ ಹಕಾರ ಮಲಾಕ್ಕಾದ ಆಚೆಯೋ ಈಚೆಯೋ
ನೀರಿಗೆ ಬಿದ್ದಿರಬೇಕು.
ಮುದುಕ ನಕ್ಕ. ಹಡಗಿನವನಿಗೆ ಗೊತ್ತು,
ಹೊತ್ತ ಸರಕೆಲ್ಲ ದಡಕ್ಕೆ ಇಳಿಯುವುದಿಲ್ಲ.

ಆಮೇಲೆ ಸಂತೆ ಶುರುವಾಯಿತು.
ಬಂದರ್, ಮೂವರಿಗೂ ಅದೇ.
"ಖುರ್ಮಾ" ಎಂದು ಗಂಟು ಬಿಚ್ಚಿದ. "ಕುರ್ಮಾ" ಅಂದಳು ಅವಳು.
ನನಗೆ ಮಾತ್ರ ಕೊಬ್ಬರಿ ಅರೆದ ಕುರ್ಮಾ ನೆನಪಾಗಿ ಬಾಯಲ್ಲಿ ನೀರು.
ಗಂಟಿನಿಂದ ಬಂದದ್ದು ಖರ್ಜೂರ.
ಆಪರೇಷನ್ನಿಗೆ ಮೊದಲು ತಿನ್ನಬಾರದೆಂದು ಕಸಿದು
ನನ್ನ ಜೇಬಿಗೆ ತುರುಕಿದಳು.

ಉಂಗುರ ತೋರಿಸಿ "ಕಾವಿನ್" ಅಂದಳು, ಮದುವೆ ಎಂಬಂತೆ.
ಅವನಿಗೆ ಕೇಳಿದ್ದು ಕಾಬೀನ್.
ಹೆಬ್ಬೆರಳಿಗೆ ತೋರುಬೆರಳು ಉಜ್ಜಿದ, ಎಷ್ಟು ಕೊಟ್ಟ ಗಂಡ?
ನಿಂಗವ್ವ ನಕ್ಕಳು. ಆಮೇಲೆ ನಗಲಿಲ್ಲ.
ಆ ಮಾತು ನಮ್ಮೂರ ಕಡೆ ಬಂದೇ ಇಲ್ಲ.

ಡಾಕ್ಟರು ಬಂದ. ನೀಲಿ ಪೆನ್ನಿನಲ್ಲಿ
ಮಂಡಿಯ ಕೆಳಗೊಂದು ಗೆರೆ ಎಳೆದ.
"ನೆಶಾನ್," ಮುದುಕ ಮೆಲ್ಲಗೆ ಅಂದ. ಗುರುತು, ಅಷ್ಟೇ.
ನಿಂಗವ್ವನ ಕೈ ತಡೆಯಿತು.
ಅವಳ ಮಾತಿನಲ್ಲಿ ನಿಸಾನ್ ಎಂದರೆ
ತಲೆದಿಕ್ಕಿಗೆ ನೆಡುವ ಗೋರಿಕಲ್ಲೆಂದು
ಚಹಾ ಕುಡಿಯುವಾಗ ಹೇಳಿದಳು, ತಡವಾಗಿ.
ನನ್ನ ಕಣ್ಣಿಗೆ ಆ ಗಳಿಗೆ ಬಂದದ್ದು ನಿಶಾನೆ,
ಮೊಹರಮ್ಮಿನ ಓಣಿ, ಕೋಲಿನ ತುದಿಯ ಹಸಿರು ಬಟ್ಟೆ,
ಹಿಂದೆ ಓಡುವ ನಾನು, ಎರಡೂ ಕಾಲಲ್ಲಿ.

ಬೆಳಗ್ಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು
ಸುಲೈಬಿಖಾತಿನ ಮರಳಿಗೆ ಒಯ್ದವರಲ್ಲಿ ನಾನೂ ಇದ್ದೆ.
ಹಸುಗೂಸಿನಷ್ಟು ಭಾರ.
ಕಲ್ಲು ಇಡಲಿಲ್ಲ.
ನಮ್ಮಲ್ಲಾಗಿದ್ದರೆ ಕಾಲಿಗೂ ಒಂದು ಕಂದೂರಿ ಮಾಡುತ್ತಿದ್ದರೋ ಏನೋ.
ಕೇಳಿದರೆ ನಿಂಗವ್ವ, "ಕಂದೂರಿ? ನಮ್ಮಲ್ಲೂ!" ಎಂದು
ಮುಖ ಅರಳಿಸಿ, ಒಳಗೆ ಹೋಗಿ ಅತ್ತಳು.

ಎಚ್ಚರಾದಾಗ ಮುದುಕ
ಹೊದಿಕೆ ಚಪ್ಪಟೆಯಾದಲ್ಲಿ ಕೈಯಾಡಿಸಿ ಕೇಳಿದ, "ಕೂ?"
ನಾನು ಕೇಳದ ಪದ. ಅರ್ಥ ಕೇಳಬೇಕಾಗಲಿಲ್ಲ.
ಜೇಬಿನಲ್ಲಿ ಬೆಚ್ಚಗಾಗಿದ್ದ
ಅವನದೇ ಖರ್ಜೂರ ಅವನ ಅಂಗೈಗಿಟ್ಟೆ.